ಲೇಖನಕ್ಕೊಂದು ಚಕ್ಕುಬಂದಿ

ಆ ಹೆಂಗಸು ಬಂದದ್ದು ದೀಪಾವಳಿ ಕಳೆದ ಸೋಮವಾರ. ಮಂಡ್ಯದ ಪಕ್ಕದಲ್ಲಿದ್ದ ನಮ್ಮ ಬೇಸಾಯದ ಪ್ರಯೋಗ ಕ್ಷೇತ್ರಕ್ಕೆ ರೈತರು ಬರುವುದು ಹೊಸದೇನಲ್ಲ. ಆದರೆ ಹೆಂಗಸೊಬ್ಬಳು ಒಂಟಿಯಾಗಿ ಬಂದು, ಸೂಪರಿಂಟೆಂಡೆಂಟರ ಮೇಜಿನ ಮೇಲೆ ಸೆರಗಿನ ಗಂಟು ಬಿಚ್ಚಿ ಮಣ್ಣು ಸುರಿದದ್ದು ಅದೇ ಮೊದಲು. ನಾನು ಅಲ್ಲಿನ ಪುಸ್ತಕ ಭಂಡಾರ ನೋಡಿಕೊಳ್ಳುವ ಗುಮಾಸ್ತ. ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಎಲ್ಲಿ ಏನು ಬಿಚ್ಚಿದರೂ ಇಣುಕಿ ನೋಡುವ ಚಟ ನನ್ನದು. ಬಾಗಿಲಲ್ಲಿ ನಿಂತು ಕತ್ತು ಚಾಚಿದೆ. ಬೂದಿ ಬಣ್ಣದ ಮಣ್ಣು, ಅದರ ಮೇಲೆ ರವೆ ಉದುರಿಸಿದ ಹಾಗೆ ಬಿಳಿ.

"ಚಿಕ್ಕರಸಿನಕೆರೆ ಕಡೆಯಿಂದ ಬಂದಿವ್ನಿ ಸ್ವಾಮಿ," ಎಂದಳು. "ನಾಲೆ ನೀರು ಬಂದು ಮೂರ್ ವರ್ಸ ಆಯ್ತು. ಮೊದಲ್ನೇ ವರ್ಸ ಭತ್ತ ಸೊಂಪಾಗ್ ಬಂತು. ಈಗ ನಾಟಿ ಮಾಡುದ್ರೆ ಎಂಟ್ ದಿನಕ್ಕೇ ಪೈರು ಸುಟ್ಟೋಯ್ತದೆ. ಈ ಸೌಳು ವಾಸಿ ಆಯ್ತದಾ ಇಲ್ವಾ, ಅಷ್ಟ್ ಯೋಳ್ಬುಡಿ."

ಸೂಪರಿಂಟೆಂಡೆಂಟರು ಕೂರಿಸಿ ವಿಚಾರಿಸಿದರು. ಗಂಡ ತೀರಿಕೊಂಡು ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳು. ಶಿವರಾತ್ರಿ ಕಳೆದ ಮೇಲೆ ಮನೆ ಪಾಲಾಗುವುದೆಂದು ತೀರ್ಮಾನವಾಗಿತ್ತು. ಅವಳ ಪಾಲಿಗೆ ಎರಡರಲ್ಲಿ ಒಂದು: ತಗ್ಗಿನಲ್ಲಿದ್ದ ಈ ಬಿಳಿ ಹತ್ತಿದ ಗದ್ದೆ, ಇಲ್ಲವೇ ದಿಣ್ಣೆ ಮೇಲಿನ ಕಲ್ಲು ಹೊಲ. "ಗದ್ದೆ ವಾಸಿ ಆಗಂಗಿದ್ರೆ ಗದ್ದೆ ತಕೋತೀನಿ. ಮಕ್ಳು ಅನ್ನ ಉಣ್ತವೆ. ಆಗ್ದೆ ಇದ್ರೆ ದಿಣ್ಣೆನೇ ಗತಿ. ಒಂದ್ಸಲ ತಕೊಂಡ್ ಮ್ಯಾಲೆ ಬ್ಯಾಡ ಅನ್ನಕ್ಕಾಯ್ತದಾ?"

ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿದರು. "ಏನ್ರೀ, ನಾಲೆ ಕೆಳಗಿನ ಚೌಳು ನೆಲದ ಬಗ್ಗೆ ನಮ್ಮ ಬೀರುಗಳಲ್ಲಿ ಏನಾದರೂ ಇದೆಯೇ? ನೋಡಿ ಹೇಳಿ."

ನಮ್ಮಲ್ಲಿ ಮೂರು ಬೀರು ತುಂಬ ಪತ್ರಿಕೆಗಳಿದ್ದವು. ಹಿಂದೂಸ್ಥಾನದ ನಾನಾ ಪ್ರಾಂತಗಳಿಂದ, ಜಾವಾದಿಂದ, ಇಂಗ್ಲೆಂಡಿನಿಂದ ಬಂದ ಬೇಸಾಯದ ಸಂಶೋಧನೆಗಳು, ಎಲ್ಲ ಇಂಗ್ಲಿಷಿನಲ್ಲಿ. ಅವಕ್ಕೆಲ್ಲ ನನ್ನ ಹಿಂದಿನ ಗುಮಾಸ್ತರು ಬರೆದಿಟ್ಟ ಒಂದು ರಿಜಿಸ್ಟರು. ಅದರಲ್ಲಿ ಲೇಖನಗಳ ಹೆಸರು ಬಂದ ತಾರೀಖಿನ ಪ್ರಕಾರ ಇದ್ದವು. 'ಕೆಲವು ಅವಲೋಕನಗಳು', 'ಮುಂದುವರಿದ ಟಿಪ್ಪಣಿ', 'ಮೂರನೆಯ ವರ್ಷದ ವರದಿ', ಹೀಗೆ. ಅವಳು ಜಗಲಿಯಲ್ಲಿ ಕಾದಳು. ನಾನು ಅರ್ಧ ದಿನ ಬೆರಳಿಟ್ಟು ಓದಿದೆ. ಉಪ್ಪು, ಚೌಳು ಎಂಬ ಮಾತು ಯಾವ ಹೆಸರಿನಲ್ಲೂ ಕಾಣಲಿಲ್ಲ. ಎದ್ದು ಹೋಗಿ, "ಇಲ್ಲ ಸಾರ್," ಎಂದೆ.

ಎಷ್ಟು ಧೈರ್ಯವಾಗಿ ಹೇಳಿದೆ ಎನ್ನುವುದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

"ಹಾಗಿದ್ದರೆ ನಾವೇ ಪ್ರಯೋಗ ಮಾಡಿ ನೋಡಬೇಕಮ್ಮ. ಎರಡು ವರ್ಷವಾದರೂ ಬೇಕು," ಎಂದರು ಸೂಪರಿಂಟೆಂಡೆಂಟರು.

"ನೀವ್ ಕಾಯ್ಬೋದು ಸ್ವಾಮಿ. ಪಾಲು ಕಾಯಕ್ಕಿಲ್ಲ," ಎಂದು ಅವಳು ಎದ್ದು ಹೋದಳು. ಮಣ್ಣು ಮೇಜಿನ ಮೇಲೇ ಉಳಿಯಿತು. ಜವಾನ ಗುಡಿಸಲು ಬಂದಾಗ ತಡೆದು, ಒಂದು ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ತುಂಬಿ ನನ್ನ ಮೇಜಿನ ಮೇಲೆ ಇಟ್ಟುಕೊಂಡೆ. ಯಾಕೆಂದು ಆಗ ಕೇಳಿದ್ದರೆ ನನಗೇ ಗೊತ್ತಿರಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ನಡುವಿನ ಬೀರುವಿಗೆ ಗೆದ್ದಲು ಹತ್ತಿತು. ಸಂಪುಟಗಳನ್ನೆಲ್ಲ ಅಂಗಳದಲ್ಲಿ ಬಿಸಿಲಿಗೆ ಹರಡಿ ಹಾಳೆ ಕೊಡವುತ್ತಿದ್ದೆ. ಒಂದರಲ್ಲಿ ಫೋಟೋ ಕಂಡಿತು: ಬಯಲು ತುಂಬ ಬಿಳಿ, ನಡುವೆ ಒಣಗಿದ ಪೈರು. ಉತ್ತರ ಸೀಮೆಯ ನಾಲೆ ಬಯಲಿನ ಗೋಧಿ ತಳಿಗಳ ಲೇಖನ ಅದು. ಹೆಸರಿನಲ್ಲಿ ಬರೀ ಗೋಧಿ, ಒಳಗೆ ಮೂರು ಪುಟ ಚೌಳಿನ ಮಾತು. ಬಿಸಿಲಲ್ಲಿ ನಿಂತೇ ಓದಿದೆ. ನಾಲೆ ಬಂದ ಮೇಲೆ ಕೆಳಗಿನ ನೀರು ಮೇಲೇರಿ, ತನ್ನ ಜೊತೆ ಉಪ್ಪನ್ನೂ ತರುತ್ತದೆ. ಬಿಳಿ ನೆಲದಲ್ಲಿ ಎರಡು ಜಾತಿ. ಒಂದನ್ನು ತೊಳೆದು ವಾಸಿ ಮಾಡಬಹುದು, ಇನ್ನೊಂದು ಬರೀ ತೊಳೆದರೆ ಬಗ್ಗುವುದಿಲ್ಲ. ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಅದನ್ನು 'ಬೇರೆಯವರು ಈಗಾಗಲೇ ವಿವರಿಸಿದ್ದಾರೆ' ಎಂದು ಬರೆದು, ಯಾರು ಎಲ್ಲಿ ಎನ್ನುವುದನ್ನೂ ಹೇಳದೆ, ಆ ಮಹಾನುಭಾವರು ಗೋಧಿಗೆ ಹೊರಟುಹೋಗಿದ್ದರು.

ಸಂಪುಟವನ್ನು ಹಿಡಿದುಕೊಂಡು ಒಳಗೆ ಹೋದೆ. ಸೂಪರಿಂಟೆಂಡೆಂಟರು ಮೂರೂ ಪುಟ ಓದಿ ಕನ್ನಡಕ ತೆಗೆದರು.

"ಅಲ್ರೀ, ಆವತ್ತು ಇಲ್ಲ ಅಂದಿರಲ್ಲ?"

ನಾನು ರಿಜಿಸ್ಟರು ತಂದು ಅವರ ಮುಂದೆ ತೆರೆದಿಟ್ಟೆ.

"ಇಂಥವು ಇನ್ನೂ ಎಷ್ಟಿವೆಯೋ! ಯಾರೋ ಹತ್ತು ವರ್ಷ ಬೆವರು ಸುರಿಸಿ ಕಂಡುಕೊಂಡದ್ದು ನಮ್ಮ ಬೀರುವಿನಲ್ಲೇ ಕೂತಿದೆ. ನಾವು ಇನ್ನೆರಡು ವರ್ಷ ಅದನ್ನೇ ಹುಡುಕಿಕೊಂಡು ಹೊರಟಿದ್ದೇವೆ. ಮೂರು ಬೀರುವಿಗೂ ಸರಿಯಾದ ಸೂಚಿ ಮಾಡಿ, ಕಾರ್ಡಿನ ಮೇಲೆ."

"ಯಾವಾಗಿನೊಳಗೆ ಸಾರ್?"

"ಪಾಲು ಆಗೋದು ಶಿವರಾತ್ರಿ ಕಳೆದ ಮೇಲೆ ತಾನೇ?"

ಕಾರ್ಡು ಎಂದರೆ ಆಗ ಮಂಡ್ಯದಲ್ಲಿ ಟಪಾಲು ಕಾರ್ಡು ಒಂದೇ. ರೈಲಿನಲ್ಲಿ ಮದ್ದೂರಿಗೆ ಹೋಗಿ ಅಲ್ಲಿನ ರಟ್ಟು ಕಟ್ಟುವವರಲ್ಲಿ ದಪ್ಪ ಕಾಗದ ಕತ್ತರಿಸಲು ಹೇಳಿದೆ. ಅಳತೆ ಐದಂಗುಲಕ್ಕೆ ಮೂರು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಕೂಡದು. ಆತ ಕತ್ತರಿ ಯಂತ್ರ ಒತ್ತುತ್ತಾ, "ಇಷ್ಟೊಂದಾ ಸ್ವಾಮಿ? ಇಡೀ ಮಂಡ್ಯನೇ ಇಸ್ಪೀಟಾಡಕ್ ಕೂತದಾ ಎಂಗೆ?" ಎಂದ. ನಮ್ಮ ಬಡಗಿಯಿಂದ ಉದ್ದನೆಯ ಮರದ ಪೆಟ್ಟಿಗೆ ಮಾಡಿಸಿದೆ. ಪ್ರತಿ ಕಾರ್ಡಿನ ಬುಡದಲ್ಲಿ ದಬ್ಬಳದಿಂದ ತೂತು, ಪೆಟ್ಟಿಗೆಯ ಉದ್ದಕ್ಕೂ ಅದರೊಳಗೆ ಒಂದು ಕಬ್ಬಿಣದ ಸರಳು. ಕಾರ್ಡು ತಿರುವಿ ನೋಡಬಹುದು, ಕಿತ್ತು ಒಯ್ಯುವ ಹಾಗಿಲ್ಲ.

ಮೊದಲು ನಾನು ಮಾಡಿದ್ದು ಯಾರಾದರೂ ಮಾಡುವಂಥದ್ದೇ: ಲೇಖನಕ್ಕೊಂದು ಕಾರ್ಡು, ಹೆಸರಿನಲ್ಲಿರುವ ಮುಖ್ಯ ಪದದ ಕೆಳಗೆ. ಧನುರ್ಮಾಸದ ಹೊತ್ತಿಗೆ ಒಂದು ಬೀರು ಮುಗಿಯಿತು. ಸೂಪರಿಂಟೆಂಡೆಂಟರು ಪರೀಕ್ಷೆಗೆ ಬಂದರು. "ನೀರು ಹೆಚ್ಚಾದರೆ ಕಬ್ಬಿನ ಬೇರು ಏನಾಗುತ್ತೆ? ತೆಗೀರಿ ನೋಡೋಣ." ನಾನು ಹೆಮ್ಮೆಯಿಂದ 'ಕಬ್ಬು' ತೆಗೆದೆ. ಗೇಣುದ್ದದ ಕಂತೆ ಕೈಗೆ ಬಂತು. ಒಂದೊಂದನ್ನೇ ತಿರುವುತ್ತಾ ಕೂತೆ. ಅವರು ಗದ್ದೆ ಸುತ್ತಿ ಬಂದರು, ನಾನು ಇನ್ನೂ ತಿರುವುತ್ತಲೇ ಇದ್ದೆ. "ರಿಜಿಸ್ಟರನ್ನ ತುಂಡು ಮಾಡಿ ಪೆಟ್ಟಿಗೆಗೆ ಹಾಕಿದ್ದೀರಿ, ಅಷ್ಟೇ," ಎಂದು ಹೊರಟುಹೋದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ನಿಜ.

ಹಟ ಹಿಡಿದು ತಲೆಬರಹ ಹೆಚ್ಚಿಸಿದೆ. ಅದು ಇನ್ನೊಂದು ಪಜೀತಿ. ಅದೇ ಬಿಳಿ ಮಣ್ಣನ್ನು ಪ್ರಾಂತಕ್ಕೊಂದು ಹೆಸರಿನಿಂದ ಕರೆಯುತ್ತಾರೆ. ಒಬ್ಬರ ಚೌಳು ಇನ್ನೊಬ್ಬರಿಗೆ ಕಲ್ಲರ್, ಮತ್ತೊಬ್ಬರಿಗೆ ಉಸರ್. ಒಂದೇ ಸಂಗತಿ ಪೆಟ್ಟಿಗೆಯ ಐದು ಮೂಲೆಗೆ ಹಂಚಿಹೋಯಿತು. ಹೆಸರು ಗೊತ್ತಿದ್ದವನಿಗೆ ಮಾತ್ರ ಸಿಗುವ ಸೂಚಿ ಇದ್ದರೆಷ್ಟು ಬಿಟ್ಟರೆಷ್ಟು? ಚಿಕ್ಕರಸಿನಕೆರೆಯ ಹೆಂಗಸಿಗೆ ಮಣ್ಣು ಗೊತ್ತು, ಪೈರು ಸುಟ್ಟದ್ದು ಗೊತ್ತು. ಲೇಖನದ ಹೆಸರು ಅವಳಿಗೆ ಎಲ್ಲಿಂದ ಗೊತ್ತಾಗಬೇಕು?

ಸಂಕ್ರಾಂತಿಗೆ ಎರಡು ದಿನ ರಜ ಹಾಕಿ, ಮಳವಳ್ಳಿಗೆ ಬಸ್ಸು ಹಿಡಿದು ಬೆಳಕವಾಡಿಗೆ ಹೋದೆ. ಅಲ್ಲಿ ನನ್ನ ತಾತ. ನಲವತ್ತು ವರ್ಷ ಶಾನುಭೋಗಿಕೆ ಮಾಡಿ ಬಿಟ್ಟವರು. ಈಗ ದಫ್ತರವೆಲ್ಲ ಚಿಕ್ಕಪ್ಪನದು. ಆದರೂ ಜನ ಜಗಲಿಗೆ ಬಂದು ಕೇಳುವುದು ತಾತನನ್ನೇ. ಎಳ್ಳು ಬೆಲ್ಲ ಮೆಲ್ಲುತ್ತಾ ಕೂತಿದ್ದಾಗ ಒಬ್ಬ ರೈತ ಬಂದು ಕಂಬಕ್ಕೆ ಒರಗಿ ನಿಂತ.

"ನಮ್ಮಪ್ಪನ ಕಾಲದ್ದು ಒಂದ್ ತುಂಡ್ ಜಮೀನ್ ಅದೆ ಬುದ್ಧಿ. ಕಾಗ್ದ ಇಲ್ಲ. ನಂಬ್ರೂ ಗೊತ್ತಿಲ್ಲ. ಏನಂತ ಕರೀತಿದ್ರೋ ಅದೂ ಗೊತ್ತಿಲ್ಲ."

ಇವನಿಗೆ ಏನು ಸಿಕ್ಕೀತು ಎಂದು ನಾನು ಒಳಗೇ ನಕ್ಕೆ. ತಾತ ನಗಲಿಲ್ಲ. ಕಣ್ಣು ಮುಚ್ಚಿಕೊಂಡು, "ಮೂಡಲಿಗೆ ಯಾರಯ್ಯ?" ಎಂದರು.

"ಮೂಡ್ಲಾಗೆ ಪಟೇಲ್ರ ತೆಂಗಿನ ತ್ವಾಟ."

"ಪಡುವಲಿಗೆ?"

"ಹಳ್ಳ ಬುದ್ಧಿ."

"ಬಡಗಲಿಗೆ ಗುಡಿಗೆ ಬಿಟ್ಟ ಮಾನ್ಯದ ಜಮೀನೇ?"

"ಊಂ ಬುದ್ಧಿ, ಅದೇಯಾ!"

"ತೆಂಕಲು ನೀನು ಹೇಳಬೇಡ, ಗಾಡಿ ದಾರಿ," ಎಂದು ತಾತ ಕಣ್ಣು ತೆರೆದು, ಯಾವ ಕಟ್ಟಿನ ಎಷ್ಟನೆಯ ಹಾಳೆ ಎನ್ನುವುದನ್ನು ಚಿಕ್ಕಪ್ಪನಿಗೆ ಕೂಗಿ ಹೇಳಿದರು. ಆ ಹಾಳೆಯಲ್ಲೇ ಇತ್ತು.

ಎಲ್ಲ ಕ್ರಯಪತ್ರದಲ್ಲೂ ಚಕ್ಕುಬಂದಿ ಇರುತ್ತದೆ, ನಾಲ್ಕು ದಿಕ್ಕಿಗೆ ಯಾರು ಏನು ಎಂಬ ವಿವರ. ಹುಟ್ಟಿದಾಗಿನಿಂದ ನೋಡಿದ್ದೆ. ಆವತ್ತು ಕೈಯಲ್ಲಿದ್ದ ಎಳ್ಳು ಬೆಲ್ಲವನ್ನು ಬಾಯಿಗೆ ಹಾಕಲು ಮರೆತೆ. ತಾತ ಆ ಜಮೀನನ್ನು ಹುಡುಕಿರಲಿಲ್ಲ, ಅದರ ಸುತ್ತ ಇದ್ದವರನ್ನು ಕೇಳಿದ್ದರು.

"ಹೆಸರು ಗೊತ್ತಿಲ್ಲದೆ ಹೇಗೆ ಸಿಕ್ಕಿತು ತಾತ?" ಎಂದೆ, ಅವರ ಬಾಯಿಂದಲೇ ಕೇಳಬೇಕೆಂದು.

"ಹೆಸರೇನು ಕಟ್ಟಿಕೊಂಡು ಬಂತೋ? ತಲೆಮಾರಿಗೊಂದು ಹೆಸರು ಇಟ್ಟುಕೊಳ್ಳುತ್ತಾರೆ. ಅಕ್ಕಪಕ್ಕ ಯಾರು ಅನ್ನೋದನ್ನ ಮಾತ್ರ ಯಾರೂ ಮರೆಯಲ್ಲ ಕಣೋ. ದಿನಾ ಜಗಳ ಆಡಬೇಕಲ್ಲ!"

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಹೊರಟೆ. ಇನ್ನೊಂದು ದಿನ ಇರಬಾರದೇನೋ ಎಂದು ಅಜ್ಜಿ ಬೈದರು.

ಕಚೇರಿಗೆ ಬಂದವನು ಎರಡು ತಿಂಗಳ ಕಾರ್ಡುಗಳನ್ನು ಸರಳಿನಿಂದ ಕಳಚಿ ಮೂಟೆ ಕಟ್ಟಿದೆ. ಶಿವರಾತ್ರಿಗೆ ಐದು ವಾರ ಉಳಿದಿತ್ತು. ಇನ್ನು ಮುಂದೆ ಪ್ರತಿ ಲೇಖನಕ್ಕೆ ಒಂದಲ್ಲ, ನಾಲ್ಕು ಕಾರ್ಡು. ಮೂಡಲಿಗೆ ಬೆಳೆ. ತೆಂಕಲಿಗೆ ನೆಲ. ಪಡುವಲಿಗೆ ನೀರು. ಬಡಗಲಿಗೆ ಏನು ಕೆಟ್ಟಿತು, ಅದಕ್ಕೇನು ಮಾಡಿದರು. ನಾಲ್ಕು ಕಾರ್ಡಿನ ಮೇಲೂ ನಾಲ್ಕು ದಿಕ್ಕಿನ ವಿವರ; ಯಾವುದರಿಂದ ಹಿಡಿದರೂ ಉಳಿದ ಮೂರಕ್ಕೆ ದಾರಿ. ನೆಲವನ್ನು ಬರೆದವರ ಪದದಿಂದಲ್ಲ, ಕಣ್ಣಿಗೆ ಕಾಣುವುದರಿಂದ ಗುರುತಿಸುವುದು: ಬಿಳಿ ಹತ್ತಿದ್ದು, ಬಿರುಕು ಬಿಟ್ಟದ್ದು, ಜವುಗು. ಕೆಳಗೆ, ಆ ಲೇಖಕರು ಯಾರ ಕೆಲಸವನ್ನು ಹೆಸರಿಸಿದ್ದಾರೋ ಅವರ ಪಟ್ಟಿ. ಇವು ಆ ಲೇಖನದ ನೆರೆಹೊರೆ.

"ನಾಲ್ಕು ಪಟ್ಟು ಬರವಣಿಗೆಯಲ್ರೀ!" ಎಂದರು ಸೂಪರಿಂಟೆಂಡೆಂಟರು.

"ಹೌದು ಸಾರ್. ಹೆಸರು ನೋಡಿದರೆ ಸಾಲದು, ಓದಲೂ ಬೇಕು."

"ಅಷ್ಟು ಹೊತ್ತು ಎಲ್ಲಿದೆ? ಆ ಹೆಂಗಸಿಗೆ ಬೇಕಾದ್ದನ್ನ ಮಾತ್ರ ಮೊದಲು ಹುಡುಕಿಬಿಡಿ."

ನನಗೂ ಅದೇ ಆಸೆ. ಒಂದು ದಿನವಿಡೀ ಕೂತು ಯೋಚಿಸಿದೆ. ಚೌಳೊಂದನ್ನೇ ಹುಡುಕಿ ತಾನೇ ಮೊದಲ ಸಲ ಮಣ್ಣು ಮುಕ್ಕಿದ್ದು? ಕಣ್ಣಿಗೆ ಬೀಳಬೇಕಾದ್ದು ಗೋಧಿಯ ಹೆಸರಿನಲ್ಲಿ ಅಡಗಿದ್ದರೆ ಚೌಳನ್ನು ಹುಡುಕುವವನಿಗೆ ಅದು ಸಿಗುವುದೇ ಇಲ್ಲ. ಹುಡುಕುವುದಿಲ್ಲ, ಬೀರುವಿನ ಮೇಲಿನ ಅಂಕಣದಿಂದ ಒಂದೂ ಬಿಡದೆ ಬರೆಯುತ್ತಾ ಹೋಗುತ್ತೇನೆ ಎಂದು ಮಾರನೆಯ ದಿನ ಹೇಳಿದೆ. ನಾಲೆ ಸೀಮೆಗಳ ಬೀರು ಮೊದಲು. ಅವರು, "ಆಗದೇ ಹೋದರೆ ಅವಳಿಗೆ ನೀವೇ ಹೋಗಿ ಹೇಳಬೇಕು," ಎಂದರು.

ಓದುವುದಕ್ಕೂ ಒಂದು ಕ್ರಮ ಮಾಡಿಕೊಂಡೆ: ಮೊದಲ ಪುಟ, ಕೊನೆಯ ಪುಟ, ಚಿತ್ರಗಳ ಅಡಿಬರಹ, ಕೋಷ್ಟಕಗಳ ತಲೆಬರಹ. ಲೇಖಕರ ಬಣ್ಣ ಅಲ್ಲೇ ಗೊತ್ತಾಗುತ್ತಿತ್ತು. ಕೆಲವರು ಕಂಡದ್ದೊಂದು, ಹೆಸರಿಟ್ಟದ್ದೊಂದು. ಬೆಳೆ ಕೈಕೊಟ್ಟ ಸಂಗತಿಯನ್ನು ಬಹಳ ಜನ ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬಚ್ಚಿಡುತ್ತಿದ್ದರು. ನನಗೆ ಬೇಕಾದ್ದು ಹೆಚ್ಚಾಗಿ ಅಲ್ಲೇ ಇರುತ್ತಿತ್ತು. ನನಗೆ ಕೆಲಸ ಎನ್ನಿಸುವುದೇ ನಿಂತುಹೋಯಿತು. ಮುಂದಿನ ಸಂಪುಟದಲ್ಲಿ ಏನಿದೆಯೋ ಎಂದು ಊಟ ಅರ್ಧಕ್ಕೆ ಬಿಟ್ಟು ಬರುತ್ತಿದ್ದೆ.

ಐದನೆಯ ವಾರ ಮುಗಿಯುವ ಹೊತ್ತಿಗೆ ಪಡುವಲಿನ 'ನಾಲೆ, ನೀರು ನಿಲ್ಲುವುದು' ಎಂಬ ಕಡೆಯೂ ತೆಂಕಲಿನ 'ಬಿಳಿ ಹತ್ತಿದ್ದು' ಎಂಬ ಕಡೆಯೂ ಒಟ್ಟಿಗೆ ಬಿದ್ದವು ಐದು ಲೇಖನ. ಒಂದು ಗೋಧಿ, ಎರಡು ಭತ್ತ, ಒಂದು ಹತ್ತಿ, ಒಂದು ಮೇವಿನ ಹುಲ್ಲು. ಯಾವುದರ ಹೆಸರಿನಲ್ಲೂ ಉಪ್ಪಿಲ್ಲ. ಇವುಗಳಲ್ಲಿ ಮೂರರ ಕೆಳಗೆ ನಾನು ಬರೆದಿದ್ದ ನೆರೆಹೊರೆ ಪಟ್ಟಿಯಲ್ಲಿ ಒಂದೇ ಪುಸ್ತಿಕೆ ಮೂರು ಸಲ ಬಂದಿತ್ತು. ಬಿಳಿ ನೆಲದ ಎರಡು ಜಾತಿಯನ್ನು ಗುರುತಿಸುವುದು ಅದರಲ್ಲಿದೆಯೆಂದು ಮೂವರೂ ಹೇಳಿದ್ದರು. ಅಚ್ಚಾದ ಊರು ನೋಡಿದೆ. ಇನ್ನೊಂದು ಸಲ ನೋಡಿದೆ. ಅದು ನಮ್ಮದೇ ಕ್ಷೇತ್ರದ್ದು.

ಸೂಪರಿಂಟೆಂಡೆಂಟರು ಇಲ್ಲಿಗೆ ವರ್ಗವಾಗಿ ಬಂದು ಮೂರೇ ವರ್ಷ. ಅವರಿಗೂ ಗೊತ್ತಿರಲಿಲ್ಲ. "ನಮ್ಮದಾದರೆ ರಿಜಿಸ್ಟರಿನಲ್ಲಿ ಇರಬೇಕಲ್ರೀ?" ಎಂದರು. ಆಗ ಹೊಳೆಯಿತು. ಹಿಂದಿನ ಗುಮಾಸ್ತರು ಬೇರೆ ಶ್ರಮ ಪಡದೆ, ಬಂದ ಟಪಾಲಿನ ಪುಸ್ತಕ ನೋಡಿ ರಿಜಿಸ್ಟರು ನಕಲು ಮಾಡಿದ್ದರು. ಹೊರಗಿನಿಂದ ಬಂದದ್ದೆಲ್ಲ ಅದರಲ್ಲಿತ್ತು. ನಮ್ಮಲ್ಲೇ ಹುಟ್ಟಿದ್ದು ಟಪಾಲಿನಲ್ಲಿ ಬರುವುದಾದರೂ ಹೇಗೆ? ಕಳಿಸಿದ ಟಪಾಲಿನ ಹಳೆಯ ಪುಸ್ತಕ ತೆಗೆದೆವು. ಅಲ್ಲಿತ್ತು: ದೇಶವಿದೇಶಗಳಿಗೆ ಕಳಿಸಿದ ಪ್ರತಿಗಳು, ಮಿಕ್ಕದ್ದು ಬೀಜದ ಗೋಡೌನಿನಲ್ಲಿ. ಓಡಿದೆ. ರಾಗಿ ಮೂಟೆಗಳ ಹಿಂದೆ ಇಲಿ ಕಡಿದ ಒಂದು ಕಂತೆ. ಹೆಸರು 'ಹಳೆಯ ಕೆರೆಗಳ ಕೆಳಗಿನ ಭತ್ತದ ತಳಿಗಳು'. ಬರೆದವರು ಎಂದೋ ನಿವೃತ್ತರಾದ ಇಲ್ಲಿಯ ಅಧಿಕಾರಿ. ಎಲ್ಲೆಲ್ಲಿಯವರೋ ಓದಿ ಉಪಕಾರ ಸ್ಮರಿಸಿದ್ದರು. ನಾನು ಅದರಿಂದ ಇಪ್ಪತ್ತು ಮಾರು ದೂರ ಕೂತು, ಇಲ್ಲ ಎಂದಿದ್ದೆ. ನಾಚಿಕೆಯಿಂದ ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟೆ.

ಗುರುತಿಸುವ ಕ್ರಮ ಎರಡೇ ಸಾಲು. ಮಣ್ಣನ್ನು ಶುದ್ಧ ನೀರಿನಲ್ಲಿ ಕಲಕಿ ಗಾಜಿನಲ್ಲಿ ಇಡಿ. ಮಣ್ಣು ಬೇಗ ತಳಕ್ಕಿಳಿದು ನೀರು ತಿಳಿಯಾದರೆ ಬರೀ ಉಪ್ಪು. ಬಸಿಗಾಲುವೆ ತೋಡಿ, ನೀರು ಕಟ್ಟಿ ಬಿಟ್ಟು ತೊಳೆದರೆ ಹೋಗುತ್ತದೆ. ದಿನಗಟ್ಟಲೆ ಮಜ್ಜಿಗೆಯ ಹಾಗೆ ಕದಡಿಯೇ ಇದ್ದರೆ ಅದು ಇನ್ನೊಂದು ಜಾತಿ, ತೊಳೆದು ಪ್ರಯೋಜನವಿಲ್ಲ.

ಬಿಸ್ಕತ್ತಿನ ಡಬ್ಬ ನನ್ನ ಮೇಜಿನ ಮೇಲೇ ಇತ್ತಲ್ಲ! ಪ್ರಯೋಗಶಾಲೆಯ ಬಟ್ಟಿ ಇಳಿಸಿದ ನೀರು ತಂದು, ಶೀಸೆಯಲ್ಲಿ ಕಲಕಿ ಕಿಟಕಿಯ ಹತ್ತಿರ ಇಟ್ಟೆವು. ಇಬ್ಬರೂ ಬೇರೆ ಕೆಲಸ ಮಾಡುವವರ ಹಾಗೆ ನಟಿಸುತ್ತಾ ಕಡೆಗಣ್ಣಿನಿಂದ ನೋಡುತ್ತಿದ್ದೆವು. ಊಟದ ಹೊತ್ತಿಗೆ ನೀರು ತಿಳಿ. "ಒಂದು ಹಿಡಿ ಮಣ್ಣು ಸಾಕಾಗಲ್ಲ," ಎಂದರು ಸೂಪರಿಂಟೆಂಡೆಂಟರು, ದನಿ ಮಾತ್ರ ಮೆತ್ತಗಾಗಿತ್ತು. "ಗದ್ದೆಯ ನಾಲ್ಕು ಮೂಲೆಯದೂ ನೋಡಬೇಕು. ಶೀಸೆ ತಗೊಂಡು ನೀವೇ ಹೋಗಿ." ಶಿವರಾತ್ರಿ ಕಳೆದು ಅದಾಗಲೇ ಎರಡು ದಿನ.

ಮದ್ದೂರಿನಿಂದ ಚಿಕ್ಕರಸಿನಕೆರೆ ಕಡೆಗೆ ಎತ್ತಿನ ಗಾಡಿಯಲ್ಲಿ, ತೊಡೆಯ ಮೇಲೆ ಬಟ್ಟಿ ಇಳಿಸಿದ ನೀರು ತುಂಬಿದ ಶೀಸೆಗಳ ಬುಟ್ಟಿ ಇಟ್ಟುಕೊಂಡು ಹೋದೆ. ಮನೆಯ ಮುಂದಿನ ಜಗಲಿಯಲ್ಲಿ ಹಿರಿಯರು ಆಗಲೇ ಕೂತಿದ್ದರು, ಪಾಲುಪಟ್ಟಿ ಬರೆಯಲು ಶಾನುಭೋಗರು ಲೇಖನಿ ಹೆರೆಯುತ್ತಿದ್ದರು. ನನ್ನನ್ನು ಕಂಡು ಅವಳು ಬಾಗಿಲಿಂದ ಹೊರಗೆ ಬಂದಳು. ಬಂದ ಕೆಲಸ ಹೇಳಿದೆ. ಅವಳ ದೊಡ್ಡ ಭಾವ ಹುಬ್ಬು ಗಂಟಿಕ್ಕಿದ.

"ಮೂರ್ ತಿಂಗ್ಳಿಂದ ಇಲ್ದಿದ್ ಮದ್ದು ಇವತ್ತೆಲ್ಲಿಂದ ಬಂತು ಸ್ವಾಮಿ?"

"ನೋಡಾನ ಬುಡಿ ಬಾವ," ಎಂದಳು ಅವಳು. "ಶೀಸೆ ತಾನೆ? ನಮ್ಮನೆ ಗಂಟೇನಾರ ಓಯ್ತದಾ?"

ನಾಲ್ಕು ಮೂಲೆಯ ಮಣ್ಣು ತಂದು ನಾಲ್ಕು ಶೀಸೆಯಲ್ಲಿ ಕಲಕಿ ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಶೀಸೆಗಳ ಮುಂದೆ ಕೂತರು. ಇಳಿಹೊತ್ತಿಗೆ ಮೂರು ತಿಳಿಯಾದವು. ಬಡಗಲ ಮೂಲೆಯದು ತಿಳಿಯಾಗಲೇ ಇಲ್ಲ. ಕಂಡದ್ದನ್ನೇ ಹೇಳಿದೆ: ಮುಕ್ಕಾಲು ಗದ್ದೆ ಎರಡು ಮೂರು ಬೆಳೆಯೊಳಗೆ ವಾಸಿಯಾಗಬಹುದು, ಬಡಗಲ ಮೂಲೆ ಆಗಲಾರದು. ತೊಳೆದ ನೀರು ಹಳ್ಳಕ್ಕೆ ಹೋಗಬೇಕು. ಹಳ್ಳ ಇರುವುದು ಮೂಡಲಿಗೆ, ನಡುವೆ ದೊಡ್ಡ ಭಾವನ ಗದ್ದೆ. ಬಸಿಗಾಲುವೆ ಅದನ್ನು ದಾಟಲೇಬೇಕು.

"ನನ್ ಗದ್ದೇಲಿ ಯಾಕ್ ಸ್ವಾಮಿ ಕಾಲ್ವೆ?" ಎಂದು ಭಾವ ಎದ್ದ.

ಅವಳು ದನಿ ಏರಿಸಲಿಲ್ಲ. "ಇವತ್ತು ನನ್ ಗದ್ದೇಲಿರೋ ಬಿಳ್ಪು ನಾಳೆ ನಿಮ್ ಗದ್ದೆಗ್ ಬರಕ್ಕಿಲ್ವಾ ಬಾವ? ಕಾಲ್ವೆ ಇದ್ರೆ ನಿಮ್ದೂ ಉಳೀತದೆ."

ಭಾವ ಶೀಸೆಗಳನ್ನು ನೋಡಿದ, ನನ್ನನ್ನು ನೋಡಿದ. ಹೌದೇ ಎಂದು ಕಣ್ಣಲ್ಲೇ ಕೇಳಿದ. ಹೌದು, ಪುಸ್ತಿಕೆಯಲ್ಲಿ ಅದೂ ಇದೆ ಎಂದೆ. ಆತ ಮತ್ತೆ ಕೂತ. ಅವಳು ಶಾನುಭೋಗರ ಕಡೆ ತಿರುಗಿ, "ತಗ್ಗಿನ್ ಗದ್ದೆ ನಂಗೇ ಬರ್ಕೊಳಿ. ಮೂಡ್ಲಾಗೆ ಬಾವನ್ ಗದ್ದೆ, ಅದ್ರೊಳಗೆ ನನ್ ಗದ್ದೆ ನೀರ್ ಓಗೋ ಕಾಲ್ವೆ. ಅದೂ ಸೇರ್ಸಿ ಬರೀರಿ," ಎಂದಳು. ಚಕ್ಕುಬಂದಿಯಲ್ಲಿ ಆ ಕಾಲುವೆ ಬಿದ್ದದ್ದನ್ನು ನಾನೇ ಬಗ್ಗಿ ಓದಿದೆ.

ಗಾಡಿ ಹತ್ತುವಾಗ ಅವಳು ಬುಟ್ಟಿ ತಂದು ಕೊಟ್ಟಳು, ಒಳಗೆ ನಾಲ್ಕು ಶೀಸೆಯನ್ನೂ ತೊಳೆದು ಇಟ್ಟಿದ್ದಳು.

"ಒಂದ್ ಮಾತ್ ಕೇಳ್ತೀನಿ ಸ್ವಾಮಿ. ಈ ಪುಸ್ತ್ಕ ನಾನ್ ಬಂದಿದ್ ದಿವ್ಸನೂ ನಿಮ್ ಆಪೀಸಲ್ಲೇ ಇತ್ತಾ?"

"ಇತ್ತು ಕಣಮ್ಮ."

"ಮತ್ತೆ ಇಲ್ಲ ಅಂದ್ರಿ?"

ರಿಜಿಸ್ಟರು, ಟಪಾಲು ಪುಸ್ತಕ, ಗೋಡೌನು ಎಲ್ಲ ನಾಲಗೆಯ ತುದಿಗೆ ಬಂದವು. ಬುಟ್ಟಿಯನ್ನು ಗಾಡಿಯೊಳಗೆ ಇಟ್ಟೆ.

"ಇನ್ ಯಾರಾರ ಬಂದ್ರೆ ಅಂಗನ್ಬೇಡಿ," ಎಂದಳು. ಬೈಯುವ ದನಿಯಲ್ಲ, ಮಕ್ಕಳಿಗೆ ಹೇಳುವ ದನಿ. "ಇಲ್ಲ ಅಂದ್ಬುಟ್ರೆ ನಮ್ಮಂತೋರು ಎದ್ದೋಗ್ಬುಡ್ತೀವಿ. ಸಿಗ್ನಿಲ್ಲ ಅನ್ನಿ. ಕೂತ್ಕೊಂಡಿರ್ತೀವಿ."

ಮೂರು ಬೀರು ಮುಗಿಯಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಆ ನಡುವೆ ಒಂದು ದಿನ ನಿಡಘಟ್ಟದ ರೈತನೊಬ್ಬ ಒಣಗಿದ ಕಬ್ಬಿನ ಗರಿ ಹಿಡಿದುಕೊಂಡು ಬಂದ. ಸೂಪರಿಂಟೆಂಡೆಂಟರು ಎಂದಿನಂತೆ ನನ್ನ ಕಡೆ ತಿರುಗಿ, ಏನಾದರೂ ಇದೆಯೇನ್ರೀ ಎಂದರು. ನಾಲ್ಕು ದಿಕ್ಕಿನಲ್ಲೂ ಕಾರ್ಡು ತಿರುವಿದೆ, ಏನೂ ಕಾಣಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

"ಇನ್ನೂ ಸಿಕ್ಕಿಲ್ಲ ಸಾರ್," ಎಂದು ಹೇಳಿ, ರೈತನಿಗೆ ಜಗಲಿಯಲ್ಲಿ ಚಾಪೆ ಹಾಸಿಸಿ, ಮೂರನೆಯ ಬೀರುವಿನ ಬಾಗಿಲು ತೆಗೆದೆ.